ಗುಳಿಯ ಪಕ್ಕ ಒತ್ತದ ವಜ್ರಣ್ಣ
ವಜ್ರಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ನಮ್ಮ ಕಾರ್ಖಾನೆಯಲ್ಲಿ ಉಕ್ಕು ಎಷ್ಟು ಗಟ್ಟಿ ಎಂದು ಅಳೆಯುವವರು ಅವರು. ಅವರು ಹೇಳಿದ ಅಂಕಿಯನ್ನು ಬರೆದುಕೊಳ್ಳಲು ಡಿಗ್ರಿ ಓದಿ ಬಂದವನು ನಾನು. ಯಂತ್ರದ ತುದಿಯಲ್ಲಿ ಸಾಸಿವೆಯಷ್ಟು ವಜ್ರವಿದೆ, ಅದು ಉಕ್ಕನ್ನು ಒತ್ತಿ ಗುಳಿ ಮಾಡುತ್ತದೆ. ಅದನ್ನವರು ಹಳೇ ಬನಿಯನ್ ಚೂರಿನಿಂದ ಕೂಸಿನ ಮೂಗು ಒರೆಸಿದ ಹಾಗೆ ಒರೆಸುತ್ತಾರೆ, ಹೆಸರು ಬಂದದ್ದೇ ಹಾಗೆ. ಬೆಳಿಗ್ಗೆ ಬಂದವರೇ ಅಳತೆ ಗೊತ್ತಿರುವ ಮಾದರಿ ಬಿಲ್ಲೆಯ ಮೇಲೆ ಯಂತ್ರವನ್ನೇ ಪರೀಕ್ಷಿಸಿ, "ಊರಿಗೆ ಬುದ್ಧಿ ಹೇಳೋ ಮೊದಲು ಇವನು ನೆಟ್ಟಗಿದ್ದಾನಾ ನೋಡ್ಬೇಕಪ್ಪ" ಎನ್ನುತ್ತಾರೆ. ತೆಳು ತಗಡಿಗೆ ನಾನು ದೊಡ್ಡ ಭಾರ ಇಡಹೋದರೆ, "ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕಯ್ಯಾ?" ಕಲ್ಲಂಗಡಿ ಕೊಂಡರೂ ಮೂರು ಕಡೆ ತಟ್ಟಿ ಸರಾಸರಿ ತೆಗೆಯುತ್ತಾರೆಂದು ಅವರ ಹೆಂಡತಿಯೇ ನಗುತ್ತಾರೆ. ಒಂದು ಗುಳಿಯ ಪಕ್ಕದಲ್ಲೇ ಇನ್ನೊಂದು ಒತ್ತಲು ಮಾತ್ರ ಬಿಡುವುದಿಲ್ಲ: "ಪೆಟ್ಟು ತಿಂದ ಜಾಗದ ಸುತ್ತ ಉಕ್ಕು ಬಿಗಿದುಕೊಂಡಿರತ್ತೆ, ನಿಜ ಹೇಳಲ್ಲ. ದೂರ ಸರಿ." ಹೋದ ತಿಂಗಳು ಅವರು ಊಟಕ್ಕೆ ಹೋದಾಗ ಶೂರನಂತೆ ನಾನೇ ಯಂತ್ರ ನಡೆಸಲು ಹೋಗಿ ವಜ್ರದ ಮೊನೆ ಮುರಿದೆ, ಬಾಯಿ ಬಿಡಲಿಲ್ಲ. ಮರುದಿನ ಬಿಲ್ಲೆಯ ಮೇಲೆ ಯಂತ್ರ ತಪ್ಪು ಅಂಕಿ ತೋರಿಸಿತು. ಮ್ಯಾನೇಜರ್ "ಯಾರ ಕೆಲಸ ಇದು?" ಎಂದಾಗ ವಜ್ರಣ್ಣ ನನ್ನ ಕಡೆ ನೋಡದೆ, "ನಂದೇ ಸಾರ್, ವಯಸ್ಸಾಯ್ತು, ಕೈ ನಡುಗತ್ತೆ" ಎಂದರು. ಮೂವತ್ತು ವರ್ಷದ ಕೆಲಸದಲ್ಲಿ ಅವರಿಗೆ ಸಿಕ್ಕ ಮೊದಲ ಎಚ್ಚರಿಕೆ ಪತ್ರ ಅದು. ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತಾ ನಿಂತಿದ್ದೆ. ಅಂದಿನಿಂದ ಅವರು ಬಸ್ಸಿನ ಮಾತು, ಮಕ್ಕಳ ಮಾತು ಎಲ್ಲ ಆಡುತ್ತಾರೆ. ಆ ಮಧ್ಯಾಹ್ನದ ಪಕ್ಕ ಮಾತ್ರ ಒತ್ತುವುದಿಲ್ಲ.