ಕಂಪನಿ ಕೊಡಿಸಿದ ಅತ್ತೆ ಮನೆ

ಹೋದ ತಿಂಗಳು ಒಂದು ಭಾನುವಾರ ರಾಮನಗರದ ಅತ್ತೆ ಮನೆಯಲ್ಲಿ ನಾಟಿ ಕೋಳಿ ಸಾರು. ಹಿರಿ ಅಳಿಯನಾದ ನನ್ನ ತಟ್ಟೆಗೆ ಬರಬೇಕಿದ್ದ ಲೆಗ್ ಪೀಸು ನನ್ನ ಕಣ್ಣೆದುರೇ ಮುಂದಕ್ಕೆ ಹೋಗಿ ಉಮೇಶನ ತಟ್ಟೆಯಲ್ಲಿ ಕೂತಿತು. ಉಮೇಶ ನನ್ನ ಷಡ್ಡಕ, ಅಂದರೆ ನನ್ನ ನಾದಿನಿಯ ಗಂಡ.

“ಉಮೇಶಪ್ಪ ಡ್ಯೂಟಿಗೆ ಓಗ್ಬೇಕು, ನೈಟ್ ಶಿಫ್ಟು. ಅವ್ರಿಗ್ ಮೊದ್ಲು ಬಡಿಸ್ಬುಡ್ತೀನಿ,” ಅಂದರು ಅತ್ತೆ ಜಯಮ್ಮ. ಆಗಿನ್ನೂ ಮಧ್ಯಾಹ್ನ ಒಂದು ಗಂಟೆ!

ನೀವು ನಗಬಹುದು. ಆದರೆ ನಮ್ಮ ಕಡೆ ಅತ್ತೆಯ ಸೌಟು ಯಾವ ಅಳಿಯನ ಕಡೆ ಮೊದಲು ಬಗ್ಗುತ್ತದೆ ಅನ್ನುವುದನ್ನು ನೋಡಿದರೆ ಆ ಮನೆಯ ರಾಜಕೀಯವೆಲ್ಲ ಅರ್ಥವಾಗುತ್ತದೆ. ಮದುವೆಯಾದಾಗಿನಿಂದ ಆ ಸೌಟು ನನ್ನ ಕಡೆಗೇ ಬಗ್ಗುತ್ತಿತ್ತು. ಎಲ್ಲ ಕೆಟ್ಟುಹೋದದ್ದು ಉಮೇಶ ಅತ್ತೆಯ ಮಹಡಿ ಮನೆಗೆ ಬಂದು ಸೇರಿದ ಮೇಲೆ.

ನಾನೂ ಬಿಡಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, “ಏನಪ್ಪಾ ಉಮೇಶ, ಮನೆ ಅಳಿಯ ಆಗ್ಬುಟ್ಟೆ?” ಅಂದೆ. ಹೆಂಡತಿಯ ತವರಲ್ಲೇ ಉಳಿದ ಗಂಡಸಿಗೆ ಇದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ.

ಅವನು ಮುದ್ದೆ ಮುರಿಯುತ್ತಲೇ ನಕ್ಕ. “ಯಾವ ಮನೆ ಅಳಿಯಣ್ಣ? ಅಗ್ರಿಮೆಂಟ್ ನಮ್ ಕಂಪ್ನಿ ಹೆಸ್ರಲ್ಲೈತೆ. ನಾನು ಕಂಪ್ನಿ ಕೊಟ್ಟಿರೋ ಮನೇಲಿವ್ನಿ. ಟ್ಯಾಕ್ಸೂ ಒಸಿ ಕಮ್ಮಿ ಆಯ್ತು.”

ಕೈ ತೊಳೆಯುವಾಗ ಪೂರ್ತಿ ಗುಟ್ಟು ಹೇಳಿದ. ಅವನು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕಂಪನಿಯೇ ಬಾಡಿಗೆದಾರನಾಗಿ ಅತ್ತೆಯ ಖಾತೆಗೆ ತಿಂಗಳು ತಿಂಗಳು ಬಾಡಿಗೆ ಹಾಕುತ್ತದೆ. ಆ ದುಡ್ಡನ್ನು ಇವನ ಸಂಬಳದಲ್ಲೇ ಹಿಡಿದುಕೊಳ್ಳುತ್ತದೆ. ಹೀಗೆ ಮಾಡಿದರೆ ತೆರಿಗೆಯ ಲೆಕ್ಕಕ್ಕೆ ಅಷ್ಟೂ ಬಾಡಿಗೆ ಸೇರುವುದಿಲ್ಲವಂತೆ. ಸಂಬಳದ ಒಂದು ಸಣ್ಣ ಪಾಲನ್ನು ಮಾತ್ರ ‘ಮನೆಯ ಸೌಲಭ್ಯ’ ಅಂತ ಸೇರಿಸುತ್ತಾರಂತೆ. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಭತ್ಯೆಯ ವಿನಾಯಿತಿ ಹೋಯಿತು ಅಂತ ನಾನು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗೋಳಾಡುತ್ತಿದ್ದರೆ, ಈ ಮಹಾಶಯ ಅದೇ ಪದ್ಧತಿಯಲ್ಲಿ ಕೂತು ತೆರಿಗೆ ಉಳಿಸುತ್ತಿದ್ದ!

ಹೊಟ್ಟೆ ಉರಿಯಿತೇ? ಉರಿಯಿತು ಸ್ವಾಮಿ, ಸುಳ್ಳೇಕೆ ಹೇಳಲಿ? ಆ ಮಹಡಿಯನ್ನು ಮಾವ ಕಟ್ಟಿಸಿದ್ದೇ ನನಗಾಗಿ. ‘ಬಾಡಿಗೆ ಕಟ್ಟೋ ಯೋಗ್ಯತೆ ನನಗಿದೆ’ ಎಂದು ಮೀಸೆ ತಿರುವಿ ಚನ್ನಪಟ್ಟಣದಲ್ಲಿ ಮನೆ ಹಿಡಿದವನು ನಾನು. ಅಂದಿನಿಂದ ಬಾಡಿಗೆಯನ್ನೂ ಕಟ್ಟುತ್ತಿದ್ದೇನೆ, ತೆರಿಗೆಯನ್ನೂ ಕಟ್ಟುತ್ತಿದ್ದೇನೆ. ಉಮೇಶ ಮಾತ್ರ ಮೇಲೆ ಆರಾಮಾಗಿ ಗಾಳಿ ತಗೊಳ್ಳುತ್ತಾ ಕೆಳಗಿನಿಂದ ಬರುವ ಬಸ್ಸಾರು ಉಣ್ಣುತ್ತಿದ್ದಾನೆ. ಅವನನ್ನು ಮನೆ ಅಳಿಯ ಅನ್ನುವ ಹಾಗೂ ಇಲ್ಲ!

ಸೋಮವಾರ ‘ನನಗೂ ಹಾಗೇ ಮಾಡಿಕೊಡಿ’ ಅಂತ ಚನ್ನಪಟ್ಟಣದ ನಮ್ಮ ಖಾಸಗಿ ಕಾಲೇಜಿನ ಸೆಕ್ರೆಟರಿ ಮುಂದೆ ನಿಂತೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. “ನಮ್ಗೇನ್ ಲಾಸು ಮೇಷ್ಟ್ರೇ? ನಿಮ್ ಸಂಬ್ಳದಲ್ಲಿ ಹಿಡ್ಕಂಡು ಓನರ್‌ಗೆ ಹಾಕ್ತೀವಿ. ಅವ್ರು ಸೈನ್ ಹಾಕಿ ಪ್ಯಾನ್ ನಂಬರ್ ಕೊಟ್ರೆ ಆಯ್ತು,” ಅಂದರು.

ಸಂಜೆ ಮನೆ ಓನರ್ ಹತ್ತಿರ ಹೋದೆ. ಪ್ಯಾನ್ ಅಂದ ಕೂಡಲೇ ಅವರು ಕುರ್ಚಿಯಿಂದ ಎದ್ದರು. “ಚೆನ್ನಾಗೇ ಇದ್ರಲ್ಲ ಮೇಷ್ಟ್ರೇ, ಯಾರ್ ಯೋಳ್ಕೊಟ್ರು ಇದ್ನೆಲ್ಲ? ಕೈಗೆ ಕೊಡೋದಾದ್ರೆ ಕೊಡಿ, ಇಲ್ಲಾಂದ್ರೆ ಬ್ಯಾರೆ ಮನೆ ನೋಡ್ಕಳಿ.”

ಈ ಜಿಲ್ಲೆಯಲ್ಲಿ ಖುಷಿಯಾಗಿ ಸೈನ್ ಹಾಕುವ ಓನರ್ ಇನ್ಯಾರಿದ್ದಾರೆ? ಯೋಚಿಸಿದಾಗ ನೆನಪಾದದ್ದು ಒಂದೇ ಹೆಸರು. ಅತ್ತೆ ಒಬ್ಬರೇ ಇರುವ ಕೆಳಗಿನ ಮನೆಯಲ್ಲಿ ಹಿಂದಿನ ಅರ್ಧ ಭಾಗ ಖಾಲಿಯೇ ಇದೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಬಸ್ಸಿಗೇನು ಬರವೇ? ಮೀಸೆ ಇಳಿಸಿಕೊಂಡು ಮೊನ್ನೆ ಭಾನುವಾರ ಒಬ್ಬನೇ ಮತ್ತೆ ಅತ್ತೆ ಮನೆಗೆ ಹೋದೆ.

ಅಲ್ಲೇ ತಪ್ಪು ಮಾಡಿದೆ. ‘ಕಾಲೇಜಿನವರು ಬಾಡಿಗೆ ಕೊಡ್ತಾರೆ’ ಅಂತ ಒಂದು ಮಾತು ಹೇಳಿ ಸುಮ್ಮನಾಗಬೇಕಿತ್ತು. ಮೇಷ್ಟರ ಬಾಯಿ, ಸುಮ್ಮನಿರುತ್ತದೆಯೇ? ಸಂಬಳದಲ್ಲಿ ಹಿಡಿಯುವುದರಿಂದ ಶುರುಮಾಡಿ ತೆರಿಗೆ ಇಳಿಯುವವರೆಗೆ ಅತ್ತೆಗೆ ಇಡೀ ಪಾಠ ಮಾಡಿದೆ. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೂತು ಕೇಳಿದರು.

“ಅಂಗಾದ್ರೆ ಅದು ನಿಮ್ ದುಡ್ಡೇ ಆಯ್ತಲ್ಲ?” ಅಂದರು. “ಅಯ್ಯೋ, ಹಿರಿ ಅಳಿಯನ್ ತಾವ ಬಾಡ್ಗೆ ಇಸ್ಕತಾರಾ? ಜನ ಉಗಿಯಾಕಿಲ್ವಾ? ಬಂದು ಸುಮ್ಕೆ ಇರಿ, ಒಂದ್ರುಪಾಯಿನೂ ಬ್ಯಾಡ.”

“ಉಮೇಶನ ಹತ್ರ ಇಸ್ಕೊಳ್ತೀರಲ್ಲ?”

“ಅದು ಕಂಪ್ನಿ ದುಡ್ಡು! ಅವರ್ದೆಲ್ಲೈತೆ?”

ನೋಡಿದಿರಾ? ಯಾವ ಹಿರಿತನಕ್ಕಾಗಿ ನಾನು ಲೆಗ್ ಪೀಸಿನ ಮೇಲೆ ಕಣ್ಣಿಟ್ಟಿದ್ದೆನೋ ಅದೇ ನನಗೆ ಅಡ್ಡ ಬಂತು. ಬಾಡಿಗೆ ಇಲ್ಲದೆ ಬಂದರೆ ತೆರಿಗೆಯೂ ಉಳಿಯುವುದಿಲ್ಲ, ಊರಿನವರ ಬಾಯಲ್ಲಿ ಅಪ್ಪಟ ಮನೆ ಅಳಿಯ ನಾನೇ ಆಗುತ್ತೇನೆ.

‘ಅತ್ತೆ, ಅವನದೂ ಸಂಬಳದ ದುಡ್ಡೇ’ ಅನ್ನುವ ಮಾತು ನಾಲಗೆ ತುದಿಗೆ ಬಂತು. ಒಂದೇ ಮಾತು. ಅಷ್ಟು ಹೇಳಿದ್ದರೆ ಅವರು ಆವತ್ತೇ ಬಾಡಿಗೆ ಬೇಡ ಅನ್ನುತ್ತಿದ್ದರು. ಉಮೇಶನ ಅಗ್ರಿಮೆಂಟೂ ಹೋಗುತ್ತಿತ್ತು, ಅವನ ತೆರಿಗೆಯೂ ನನ್ನಷ್ಟೇ ಆಗುತ್ತಿತ್ತು. ನನಗೆ ಎಷ್ಟು ನೆಮ್ಮದಿಯ ನಿದ್ದೆ ಬರುತ್ತಿತ್ತು!

ಅಷ್ಟರಲ್ಲಿ ಅತ್ತೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಯಾರಿಗೋ ಗುಟ್ಟು ಹೇಳುವವರ ಹಾಗೆ ಹೇಳಿದರು: “ನಿಮ್ಮಾವ ಇದ್ದಾಗ್ಲೂ ನಂದೂ ಅಂತ ದುಡ್ಡೇ ಇರ್ನಿಲ್ಲ ಕಣಪ್ಪ. ರೇಷ್ಮೆ ದುಡ್ಡೆಲ್ಲ ಅವರ್ ಕೈಲೇ. ಈಗ ಕಂಪ್ನಿ ಬಾಡ್ಗೆ ದುಡ್ಡ ಬ್ಯಾಂಕಿಗೆ ಓಗಿ ನಾನೇ ತಕಬತ್ತೀನಿ. ನೀವ್ ಬತ್ತೀರಾ ಅಂತ ಅದ್ರಲ್ಲೇ ಕೋಳಿ ತಂದಿವ್ನಿ.”

ನಾಲಗೆ ತುದಿಯ ಮಾತನ್ನು ನುಂಗಿಕೊಂಡೆ. ಊಟಕ್ಕೆ ಕೂತೆವು. ಉಮೇಶನೂ ಮಹಡಿ ಇಳಿದು ಬಂದು ಪಕ್ಕದಲ್ಲೇ ಕೂತ. ಅತ್ತೆಯ ಸೌಟು ಈ ಸಲ ಸೀದಾ ನನ್ನ ಕಡೆ ಬಗ್ಗಿತು.

ಲೆಗ್ ಪೀಸೇನೋ ನನಗೇ ಸಿಕ್ಕಿತು; ಆದರೆ ಅದನ್ನು ಕೊಡಿಸಿದವನು ಉಮೇಶ ಎಂದು ಗೊತ್ತಾದ ಮೇಲೆ ಗಂಟಲಲ್ಲಿ ಇಳಿಯುವುದು ಹೇಗೆ, ನೀವೇ ಹೇಳಿ?