ಹೊಳೆಯಲ್ಲಿ ನಿಂತು ಅಕ್ಕ ‘ಇಲ್ರಿ’ ಅಂದದ್ದು

ನಾನಿನ್ನೂ ಚಿಕ್ಕವನಿದ್ದಾಗ, ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪ ಒಂದು ಮಾತನ್ನು ಎರಡನೇ ಸಲ ಹೇಳಿದ್ದು ನನಗೆ ನೆನಪಿಲ್ಲ. ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತ ಕೂತಿರುತ್ತಿದ್ದ. ತಲೆ ಎತ್ತದೆ ‘ನೀರು’ ಎಂದರೆ ನೀರು ಬರಬೇಕು. ‘ಪ್ರಾರ್ಥನಿ’ ಎಂದರೆ ಅವ್ವ, ಅಕ್ಕ, ನಾನು ಇದ್ದ ಕೆಲಸ ಅಲ್ಲೇ ಬಿಟ್ಟು ಮೊಣಕಾಲೂರಬೇಕು. ಹಿರಿಯರ ಮಾತು ಕೇಳುವುದೆಂದರೆ ದೇವರ ಮಾತು ಕೇಳಿದಂತೆಯೇ ಎಂದು ಅಪ್ಪ ನಂಬಿದ್ದ. ಯಾಕೆ ಎಂದು ಕೇಳುವುದು ನಮಗೆ ಹೊಳೆಯುತ್ತಲೇ ಇರಲಿಲ್ಲ.

ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟಿದ್ದವು. ನಮ್ಮ ಚರ್ಚಿನ ಸಭೆಯಲ್ಲಿ ಮಕ್ಕಳಿಗೆ ತಿಳಿವಳಿಕೆ ಬಂದ ಮೇಲೆ ದೀಕ್ಷಾಸ್ನಾನ ಕೊಡುತ್ತಿದ್ದರು. ಪಾದ್ರಿಗಳು ಹೊಳೆಗೆ ಕರೆದೊಯ್ದು, ನೀರಿನಲ್ಲಿ ಒಮ್ಮೆ ಪೂರ್ತಿ ಮುಳುಗಿಸಿ ಎಬ್ಬಿಸುತ್ತಿದ್ದರು. ಅಲ್ಲಿಂದ ಮುಂದೆ ಅವರು ಯೇಸುವಿನ ಹಿಂದೆ ನಡೆಯುವವರು.

ಅಕ್ಕನಿಗೆ ಹದಿನಾರು ತುಂಬಿದ ಚಳಿಗಾಲದ ಒಂದು ಸಂಜೆ ಅಪ್ಪ, “ಬರೂ ರವಿವಾರ ನಿಂದು ದೀಕ್ಷಾಸ್ನಾನ” ಎಂದ. ಅಕ್ಕ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ರಾಟಿ ಒಂದು ಗಳಿಗೆ ನಿಂತಿತು, ಮತ್ತೆ ತಿರುಗಿತು. ಮರುದಿನದಿಂದ ಅಪ್ಪ ಅವಳಿಗಾಗಿ ಬಿಳಿ ಸೀರೆಯೊಂದನ್ನು ನೇಯತೊಡಗಿದ. ಬಣ್ಣದ ಸೀರೆಗಳನ್ನೇ ಕಂಡಿದ್ದ ನನಗೆ ಮಗ್ಗದ ಮೇಲಿನ ಆ ಬಿಳಿ ಬಟ್ಟೆ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು.

ಆ ರವಿವಾರ ನಸುಕಿನಲ್ಲೇ ಎತ್ತಿನ ಗಾಡಿ ಹೂಡಿ ಹಿಪ್ಪರಗಿಯ ಕಡೆ ಹೊರಟೆವು. ಕಬ್ಬಿನ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಅವ್ವ ಕಟ್ಟಿಕೊಂಡಿದ್ದ ಸಜ್ಜೆರೊಟ್ಟಿ, ಎಣ್ಣೆಗಾಯಿಯ ವಾಸನೆಗೆ ನನ್ನ ಗಮನವೆಲ್ಲ ಗಂಟಿನ ಮೇಲೇ ಇತ್ತು. ಕೃಷ್ಣಾ ನದಿಯ ದಂಡೆಯ ಮೇಲೆ ಸಭೆಯವರು ಆಗಲೇ ಸೇರಿ ಹಾಡುತ್ತಿದ್ದರು. ಕಾಲ ಕೆಳಗೆ ತಣ್ಣನೆಯ ಕೆಸರು.

ಪಾದ್ರಿಗಳು ಸೊಂಟದವರೆಗೆ ನೀರಿಗಿಳಿದರು. ಅಕ್ಕ ಬಿಳಿ ಸೀರೆಯ ಸೆರಗನ್ನು ಎದೆಗೆ ಒತ್ತಿಕೊಂಡು ಅವರ ಹಿಂದೆ ಹೋದಳು. ಹಾಡು ನಿಂತಿತು. ಪಾದ್ರಿಗಳು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. “ನೀ ನಿನ್ನ ಸ್ವಂತ ಮನಸ್ಸಿನಿಂದ ಬಂದೀಯೇನವಾ?”

ಎಲ್ಲರೂ ಹೌದು ಎನ್ನುತ್ತಿದ್ದರು. ನಾನು ಎಷ್ಟೋ ಸಲ ಕೇಳಿದ್ದೆ. ಅಕ್ಕ ಮಾತ್ರ ನೀರು ನೋಡುತ್ತ ನಿಂತಳು. ಆಮೇಲೆ ತಲೆ ಎತ್ತಿದಳು.

“ಇಲ್ರಿ. ಅಪ್ಪ ಹೇಳ್ಯಾನಂತ ಬಂದೇನಿ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಧೋತರ ಎತ್ತಿಕಟ್ಟದೆ, ಚಪ್ಪಲಿಯನ್ನೂ ಕಳಚದೆ ಅವನು ಸೀದಾ ಹೊಳೆಗಿಳಿದ. ಅಕ್ಕನಿಗೆ ಹೊಡೆಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ.

ಏಟಿನ ಸದ್ದು ಬರಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಅವಳ ಎದುರು ನಿಂತಿದ್ದ.

“ಮನ್ಯಾಗ ಯಾಕ ಹೇಳಲಿಲ್ಲ?”

ಅಕ್ಕನ ಹಲ್ಲು ಕಟಕಟ ಎನ್ನುತ್ತಿದ್ದವು. “ಮನ್ಯಾಗ ನೀ ಕೇಳಲಿಲ್ಲಲ್ಲಪಾ. ಇವ್ರು ಕೇಳಿದ್ರು. ದೇವರ ಮುಂದ ಸುಳ್ಳ ಹ್ಯಾಂಗ ಹೇಳಲಿ?”

ಪಾದ್ರಿಗಳು ಅಪ್ಪನಿಗೆ ಮೆಲ್ಲಗೆ ಹೇಳಿದರು. “ಹುಡುಗಿ ಖರೆ ಹೇಳ್ಯಾಳ. ಇವತ್ತ ಇಕಿನ್ನ ಮುಳುಗಿಸಿದ್ರ ಮೈಮ್ಯಾಲಿನ ಅರಿವಿ ಅಷ್ಟ ತೊಯ್ತಾವ. ಮನಿಗೆ ಕರ್ಕೊಂಡು ಹೋಗ್ರಿ.”

ಅಪ್ಪ ಅಕ್ಕನ ಕೈ ಹಿಡಿದು ದಂಡೆಗೆ ತಂದ. ತನ್ನ ಹೆಗಲ ಮೇಲಿನ ಕಂಬಳಿ ತೆಗೆದು ಅವಳಿಗೆ ಹೊದಿಸಿದ. ಯಾರೂ ನಮ್ಮ ಹತ್ತಿರ ಬರಲಿಲ್ಲ. ರೊಟ್ಟಿಯ ಗಂಟನ್ನು ಬಿಚ್ಚದೆಯೇ ಗಾಡಿ ಹೂಡಿದೆವು.

ಅರ್ಧ ದಾರಿ ಕಳೆದಿತ್ತು. ಗಾಡಿ ಹೊಡೆಯುತ್ತಿದ್ದ ಅಪ್ಪ ಹಿಂದಿರುಗಿ ನೋಡದೆ ಮಾತು ತೆಗೆದ.

“ನಾ ಹೊಳಿಗಿಳಿದ ದಿನ ನಿಮ್ಮಜ್ಜ ದಂಡಿ ಮ್ಯಾಲ ನಿಂತಿದ್ದ. ಬ್ಯಾಡೋ ತಮ್ಮಾ ಅಂತ ಕೈ ಮುಗದ. ನಾ ಕೇಳಲಿಲ್ಲ. ನನ್ನ ಮನಸ್ಸು ಒಪ್ಪೇತಿ, ಯೇಸುವಿನ ಕಡೆ ಹೊಂಟೇನಿ ಅಂದೆ. ಅಂಥಾವ ನಿನ್ನ ಕೇಳೂದನ್ನ ಮರತೆ.”

ಅಕ್ಕ ‘ಇಲ್ರಿ’ ಎಂದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ಅಪ್ಪ ತನ್ನ ಅಪ್ಪನ ಮಾತು ಮೀರಿದ್ದನೇ? ಮಾತು ಕೇಳುವುದನ್ನು ನಮಗೆ ಕಲಿಸಿದ ಅಪ್ಪ? ಗಾಡಿಯ ಹಲಗೆಯನ್ನು ಗಟ್ಟಿಯಾಗಿ ಹಿಡಿದು ಅವನ ಬೆನ್ನನ್ನೇ ನೋಡುತ್ತ ಕೂತೆ.

ಅಕ್ಕ ಕಂಬಳಿಯೊಳಗಿನಿಂದ, “ನಂಗ ಬ್ಯಾಡ ಅಂತಲ್ಲಪಾ. ಇನ್ನೂ ಗೊತ್ತಾಗಿಲ್ಲ” ಎಂದಳು.

“ಗೊತ್ತಾದಾಗ ಹೇಳು. ಆಗದಿದ್ರೂ ನೀ ನನ್ನ ಮಗಳ.”

ಮೂರನೆಯ ದಿನ ಸಭೆಯ ಇಬ್ಬರು ಹಿರಿಯರು ಮನೆಗೆ ಬಂದರು. ಮಗಳನ್ನು ಹದ್ದುಬಸ್ತಿನಲ್ಲಿಡಲಿಲ್ಲ ಎಂದು ಅಪ್ಪನನ್ನು ಆಕ್ಷೇಪಿಸಿದರು. ಅಪ್ಪ ಲಾಳಿ ಕೆಳಗಿಟ್ಟು, “ಅಕಿ ಸುಳ್ಳು ಹೇಳಿ ಮುಳುಗೆದ್ದಿದ್ರ ನಿಮಗ ಛಲೋ ಅನಸ್ತಿತ್ತೇನ್ರಿ?” ಎಂದ. ಅವರು ಚಹಾ ಕುಡಿಯದೆ ಎದ್ದು ಹೋದರು. ಬಹಳ ದಿನ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಅಪ್ಪನಿಗೆ ನೋವಾಗಿತ್ತು, ಆದರೆ ಅಕ್ಕನ ಮುಂದೆ ಒಂದು ಸಲವೂ ಆ ಮಾತು ಎತ್ತಲಿಲ್ಲ.

ಅಕ್ಕ ಪ್ರಾರ್ಥನೆಗೆ ಬರುವುದನ್ನು ಬಿಡಲಿಲ್ಲ. ಬೈಬಲ್ ಓದುತ್ತಿದ್ದಳು, ಅಪ್ಪನಿಗೆ ಪ್ರಶ್ನೆ ಹಾಕುತ್ತಿದ್ದಳು. ಎಷ್ಟೋ ಪ್ರಶ್ನೆಗಳಿಗೆ ಅಪ್ಪ, “ನನಗೂ ಗೊತ್ತಿಲ್ಲವಾ” ಎನ್ನುತ್ತಿದ್ದ. ಹೀಗೆ ಎರಡು ವರ್ಷ ಕಳೆದವು. ಒಂದು ರವಿವಾರ ಆರಾಧನೆ ಮುಗಿಯುವಾಗ ಪಾದ್ರಿಗಳು ಮುಂದಿನ ವಾರ ದೀಕ್ಷಾಸ್ನಾನ ಪಡೆಯುವವರ ಹೆಸರು ಓದಿದರು. ಅದರಲ್ಲಿ ಅಕ್ಕನ ಹೆಸರೂ ಇತ್ತು. ಅವಳು ಮನೆಯಲ್ಲಿ ಯಾರಿಗೂ ಹೇಳದೆ ಒಬ್ಬಳೇ ಹೋಗಿ ಕೇಳಿಕೊಂಡಿದ್ದಳು. ಗಂಡಸರ ಸಾಲಿನಲ್ಲಿ ಕೂತಿದ್ದ ಅಪ್ಪ ಗಕ್ಕನೆ ಎದ್ದು ನಿಂತ. ಯಾಕೆ ನಿಂತೆನೆಂದು ತಿಳಿಯದೆ ಮತ್ತೆ ಕೂತ. ಪೇಟದ ಸೆರಗಿನಿಂದ ಮುಖ ಒರೆಸಿಕೊಂಡ.

ಕೆಲವು ವರ್ಷಗಳ ಮೇಲೆ ನನ್ನ ಸರದಿ ಬಂದಾಗ ಅಪ್ಪ ಹೇಳಲಿಲ್ಲ, ಕೇಳಿದ. ಉತ್ತರ ಕೊಡುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಹೇಳಿದಂತೆ ಕೇಳಿಕೊಂಡಿರುವುದೇ ಎಷ್ಟೋ ಸುಲಭವಿತ್ತು.

ಮಕ್ಕಳೇ, ಹಿಪ್ಪರಗಿಯಲ್ಲಿ ಈಗ ಬ್ಯಾರೇಜ್ ಇದೆ. ಅಕ್ಕ ನಿಂತಿದ್ದ ಜಾಗದ ಮೇಲೆ ಆಳುದ್ದ ನೀರು. ಮಗ್ಗಗಳೂ ಕರೆಂಟಿನಿಂದ ಓಡುತ್ತವೆ. ನಿಮ್ಮನ್ನು ಬೆಳಗ್ಗೆ ಎದ್ದಾಗಿನಿಂದ ಎಲ್ಲರೂ ಕೇಳುತ್ತಾರೆ: ತಿನ್ನಲು ಏನು ಬೇಕು, ಯಾವ ಬಣ್ಣದ ಅಂಗಿ ಬೇಕು, ಯಾವ ಕ್ಲಾಸಿಗೆ ಸೇರುತ್ತೀ. ನೀವು ತಡವರಿಸದೆ ಉತ್ತರಿಸುತ್ತೀರಿ. ಅದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ, ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತದೆ. ಆದರೆ ನೀವು ಯಾರ ಹಿಂದೆ ನಡೆಯುತ್ತೀರಿ ಎಂದು ಒಂದು ದಿನ ಯಾರಾದರೂ ಕೇಳುತ್ತಾರೆ. ಆಗ ಬೇಕಾದಷ್ಟು ಹೊತ್ತು ಸುಮ್ಮನೆ ನಿಲ್ಲಿ. ನನ್ನ ಮುಖ ನೋಡಿಕೊಂಡು ಉತ್ತರ ಹೇಳಬೇಡಿ.