ನೀನು ಒತ್ತದ ಬಟನ್ನು

ರೇಣುಕಾ, ಆ ಮೆಸೇಜುಗಳನ್ನು ರದ್ದು ಮಾಡಿದ್ದು ನಾನು. ನೀನಲ್ಲ. ನಿನ್ನ ಪಕ್ಕದ ಕಂಪ್ಯೂಟರಿನಲ್ಲಿ ಕೂತು, ಒಂದನ್ನೂ ತೆರೆದು ನೋಡದೆ, ನಾನೇ ಒತ್ತಿದೆ.

ನಿನಗೆ ಗೊತ್ತಿರುವುದನ್ನೇ ಬಿಡಿಸಿ ಬರೆಯುತ್ತೇನೆ, ನಿನ್ನ ಮಗಳಿಗೂ ಅರ್ಥವಾಗಲಿ. ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯ ಕಂಪ್ಯೂಟರಿನಿಂದ ಗೋದಾಮಿನ ಕಂಪ್ಯೂಟರಿಗೆ ಸುದ್ದಿ ಒಯ್ಯುವ ಸಾಫ್ಟ್‌ವೇರನ್ನು ಕಾಯುವುದು ನಮ್ಮ ಟೀಮಿನ ಕೆಲಸ. ಅದರೊಳಗಿನ ಒಂದೊಂದು ಥ್ರೆಡ್ಡೂ ಮೂಟೆ ಹೊರುವ ಹಮಾಲನ ಹಾಗೆ. ಒಬ್ಬ ಬಾಗಿಲಲ್ಲಿ ಸಿಕ್ಕಿಕೊಂಡರೆ ಹಿಂದಿನ ಮೂಟೆಗಳೆಲ್ಲ ಅಲ್ಲೇ. ಹಾಗೆ ನಿಂತುಹೋದ ಮೆಸೇಜು ಪರದೆಯ ಮೇಲೆ ಕೆಂಪಗೆ ಕಾಣುತ್ತಿತ್ತು. ಅದನ್ನು ತೆರೆದು ಓದಿ, ಸರಿಮಾಡಿ, ರೀಸೆಂಡ್ ಒತ್ತಿ ಮತ್ತೆ ಕಳಿಸಬೇಕು. ನಾವೇನು ಮಾಡುತ್ತಿದ್ದೆವು? ಬೆಳಗ್ಗೆ ಕಾರ್ಖಾನೆಯವರು ನಮ್ಮ ಪರದೆ ನೋಡಲು ಕೂರುವ ಮುಂಚೆ ಕೆಂಪನ್ನೆಲ್ಲ ಒಟ್ಟಿಗೆ ಆರಿಸಿ ರದ್ದು. ಅದಕ್ಕೆ ಹೆಸರು ಬೇರೆ — ಕಸ ಹೊಡೆಯುವುದು. ಆ ಹೆಸರಿಟ್ಟವನು ನಾನು. ಹೊಸಬರಿಗೆ ಅದನ್ನು ಕಲಿಸಿದವನೂ ನಾನೇ.

ನೀನೊಬ್ಬಳು ಕಲಿಯಲಿಲ್ಲ.

"ಹಂಗ ಒತ್ತಬ್ಯಾಡ್ರಿ ಅಣ್ಣಾರ," ಎನ್ನುತ್ತಿದ್ದೆ ನೀನು. "ಒಂದೊಂದ ತಗದು ನೋಡ್ತೀನಿ, ಒಳಗ ಏನೈತೋ ಏನೋ."

"ನೋಡು, ನೋಡು. ಒಂದೊಂದಕ್ಕೂ ಹೆಸರಿಟ್ಟು ತೊಟ್ಟಿಲಕ್ಕ ಹಾಕು," ಎಂದಿದ್ದೆ ನಾನು. ಇಡೀ ಸಾಲು ನಕ್ಕಿತ್ತು. ನೀನೂ ನಕ್ಕಿದ್ದೆ.

ಆ ದಿನ ನೀನು ನಿಂತ ಥ್ರೆಡ್ಡನ್ನು ಎಬ್ಬಿಸಿ, ಒಂದೊಂದೇ ಮೆಸೇಜನ್ನು ಮತ್ತೆ ಕಳಿಸುತ್ತಿದ್ದೆ. ಕಾರ್ಖಾನೆಯವರು ಪರದೆ ನೋಡಲು ಕೂರುವ ಹೊತ್ತಾಗಿತ್ತು. ದಿನಾ ಬರುವ ದಾಸ್ತಾನಿನ ಸುದ್ದಿಯೇ ಇರಬೇಕು ಅಂದುಕೊಂಡೆ — ಅಂದುಕೊಂಡೆ, ಅಷ್ಟೇ — ಉಳಿದದ್ದನ್ನೆಲ್ಲ ಹಿಡಿದು ರದ್ದು ಮಾಡಿದೆ. ಟೀಮಿಗೆಲ್ಲ ಒಂದೇ ಲಾಗಿನ್. ಯಾರು ಒತ್ತಿದರೂ ಒಂದೇ ಹೆಸರು. ನಿನ್ನ ಪರದೆಯೂ ತೆರವಾಯಿತು.

ನೀನು ಮುಖ ಅರಳಿಸಿ ನನ್ನ ಕಡೆ ತಿರುಗಿದೆ. "ಅಯ್ಯ, ಎಲ್ಲಾ ಹೋದ್ವು ನೋಡ್ರಿ ಅಣ್ಣಾರ."

"ನಿನ್ನ ಕೈಗುಣ," ಎಂದೆ ನಾನು.

ರದ್ದಾದದ್ದರಲ್ಲಿ ಒಂದು, ಕೆಟ್ಟುಹೋದ ಔಷಧಿಯ ಒಂದು ಬ್ಯಾಚನ್ನು ಗೋದಾಮಿನಿಂದ ಹೊರಗೆ ಬಿಡಬೇಡಿ ಎಂಬ ಮೆಸೇಜು. ಅದು ಮುಟ್ಟಲಿಲ್ಲ. ಔಷಧಿ ಅಂಗಡಿಗಳಿಗೆ ಹೋಯಿತು. ಯಾರೂ ನುಂಗುವ ಮೊದಲೇ ವಾಪಸು ತಂದರಂತೆ — ಆ ‘ಅಂತೆ’ಯನ್ನು ನಂಬಿಕೊಂಡು ನಾನು ನಿದ್ದೆ ಮಾಡಿದೆ.

ರದ್ದಾಗಿದ್ದು ನಮ್ಮ ಲಾಗಿನ್ನಿನಿಂದ ಎಂದು ಗೊತ್ತಾಯಿತು. ಮ್ಯಾನೇಜರ್ ಎಲ್ಲರನ್ನೂ ಕೂರಿಸಿ ಕೇಳಿದ್ದು ಒತ್ತಿದವರು ಯಾರು ಅಂತಲ್ಲ, ಶಿಫ್ಟಿನಲ್ಲಿ ಯಾರಿದ್ದರು ಅಂತ. "ಶಿಫ್ಟ್ ಮೇ ಕೌನ್ ಥಾ?" ಅವನಿಗೆ ಸತ್ಯ ಬೇಕಿರಲಿಲ್ಲ, ಕಾರ್ಖಾನೆಯವರ ಬಾಯಿಗೆ ಹಾಕಲು ಒಂದು ಹೆಸರು ಬೇಕಿತ್ತು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇರಲಿ, ಅವನ ಬೆನ್ನ ಹಿಂದೆ ಅಡಗುವುದಿಲ್ಲ. ಅದೇ ಶಿಫ್ಟಿನಲ್ಲಿದ್ದ ನನ್ನ ಹೆಸರು ಬಿಟ್ಟು, ನಿನ್ನ ಹೆಸರು ಹೇಳಿದ ಬಾಯಿ ನನ್ನದು.

"ರೇಣುಕಾ ಥೀ, ಸರ್."

ನೀನು ಎದ್ದು ನಿಂತು, ಒತ್ತಿದ್ದು ರೀಸೆಂಡ್ ಎಂದೆ. ರೀಸೆಂಡ್, ರದ್ದು ಎರಡು ಬಟನ್ನೂ ಪಕ್ಕಪಕ್ಕದಲ್ಲೇ ಇವೆಯಲ್ಲ, ಖಾತ್ರಿಯೇ ಎಂದು ಅವನು ಕೇಳಿದ. ನೀನು ನನ್ನ ಕಡೆ ನೋಡಿದೆ. ನಾನು ನೀರಿನ ಬಾಟಲಿಯ ಮುಚ್ಚಳ ತಿರುವುತ್ತಿದ್ದೆ. ಅದೇ ವಾರ ನಿನ್ನನ್ನು ತೆಗೆದರು. ಲಿಂಗಸುಗೂರಿನಿಂದ ಬಂದು ಮೊದಲ ನೌಕರಿ ಹಿಡಿದಿದ್ದ ಹುಡುಗಿ ನೀನು. ಮುಂದೆ ಯಾವ ಕಂಪನಿಗೆ ಹೋದರೂ ಈ ಕಥೆ ನಿನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ನನಗೆ ಬಡ್ತಿ ಬಂತು.

ಇಷ್ಟೇ ಆಗಿದ್ದರೆ ಬಾಯಿ ಬಿಡದೇ ಸಾಯುತ್ತಿದ್ದೆನೋ ಏನೋ. ಹೋದ ತಿಂಗಳು ಸುಲ್ತಾನ್ ಬಜಾರಿನಲ್ಲಿ, ಮಗಳಿಗೆ ಲಂಗದ ಬಟ್ಟೆ ಆರಿಸುತ್ತಿದ್ದ ನೀನೇ ಕೂಗಿ ಕರೆದೆ. "ಇವರು ನಂಗ ಕೆಲಸ ಕಲಿಸಿದ ಅಣ್ಣಾರು," ಎಂದು ಮಗಳಿಗೆ ಹೇಳಿದೆ. ಆಮೇಲೆ ದನಿ ತಗ್ಗಿಸಿ —

"ಅವತ್ತ ಗಡಿಬಿಡ್ಯಾಗ ನಾನ ತಪ್ಪು ಒತ್ತಿರಬೇಕ್ರಿ. ನೆನಪ ಮಾಡ್ಕೊಂಡ್ರ ಹಂಗ ಅನಸತೈತಿ. ನಿಮಗೂ ಮಾತು ಬಂತು ನನ್ನಿಂದ. ಸಿಟ್ಟಿಲ್ಲಲ್ರಿ?"

"ಇರ್ಲಿ ಬಿಡವಾ. ಹಳೇದು," ಎಂದೆ ನಾನು.

ಕ್ಷಮಿಸಿದೆ — ನಾನು, ನಿನ್ನನ್ನು. ಕೆಲಸ ಕಸಿದದ್ದು ಸಾಲದೆ, ನಿನ್ನ ಕೈ ಏನು ಮಾಡಿತೆಂಬ ನಿನ್ನ ನೆನಪನ್ನೂ ಕೆಡಿಸಿದ್ದೆ. ಅದನ್ನು ಕಣ್ಣಾರೆ ಕಂಡ ಮೇಲೂ ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದೆ, ನೀನು ಕೊಡಿಸಿದ ಕಬ್ಬಿನ ಹಾಲು ಕುಡಿದೆ. ಗ್ಲಾಸು ಕೆಳಗಿಡುವಾಗಲಾದರೂ ಹೇಳಬಹುದಿತ್ತು. ಥೂ, ಅಷ್ಟು ಹೊತ್ತು ನಿಂತಿದ್ದೆ, ಒಂದು ಮಾತು…

ಈ ಕಾಗದ ಮೊದಲು ನಿನ್ನ ಕೈ ಸೇರಲಿ. ಭಾನುವಾರ ತಾರ್ನಾಕಕ್ಕೆ, ನಿನ್ನ ಮನೆಗೆ ಬರುತ್ತೇನೆ. ಗಂಡ, ಮಗಳು, ಅತ್ತೆ ಎಲ್ಲರೂ ಇರಲಿ. ನಿನ್ನ ಹೆಸರು ಹೇಳಿದ್ದು ಎಲ್ಲರ ಮುಂದೆ. ಇದನ್ನು ನಿನ್ನ ಕಿವಿಯಲ್ಲಿ ಹೇಳಿ ಹೋಗಲು ಆಗುವುದಿಲ್ಲ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ತೆರೆದರೆ — ಕೂಡ್ರಿ ಅನ್ನಬೇಡ. ಚಹಾಕ್ಕೂ ಇಡಬೇಡ.